ಡುಬಿ ಡುಬಿ

ಮಾರ್ಚ್ 3, ಶುಕ್ರವಾರ, ಬೆಳಿಗ್ಗೆ

ಮೇಲ್ ತೆರೆದರೆ ಮತ್ತೆ ರಾಶಿ ಹಾಡು. ಅರ್ಧಕ್ಕರ್ಧ ಒಂದೇ ಅಚ್ಚಿನವು. ಧಡಂ ಧಡಂ, ನಡುವೆ ಒಬ್ಬಳು ‘ಓ ಓ’ ಅಂತ ಅಳುವುದು, ಮತ್ತೆ ಧಡಂ. ಈ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಿದ ಅಪ್ಪಂದಿರನ್ನು ಸಾಲಾಗಿ ನಿಲ್ಲಿಸಿ ಇದನ್ನೇ ಕೇಳಿಸಬೇಕು.

ಆದರೂ ಕೇಳುತ್ತೇನೆ. ಅನ್ನ ಕೊಡುವುದು ಇದೇ. ಶುಕ್ರವಾರ ಸಂಜೆ ರೇಡಿಯೊದಲ್ಲಿ ಒಂದು ಗಂಟೆ ನನ್ನದು — ‘ಹೊಸ ಸದ್ದು’. ಎಲೆಕ್ಟ್ರಾನಿಕ್, ಪಾಪ್, ಡ್ಯಾನ್ಸ್, ಆ ವಾರ ಬಂದದ್ದರಲ್ಲಿ ಕೇಳಲೇಬೇಕಾದವು.

ಇವತ್ತಿನ ಆಯ್ಕೆ. ಒಂದು — ವಾಷಿಂಗ್ ಮೆಷಿನ್ ಸದ್ದನ್ನೇ ಡ್ರಮ್ ಮಾಡಿಕೊಂಡಿರೋ ಪುಣ್ಯಾತ್ಮ. ಮೊದಲು ನಕ್ಕೆ, ಆಮೇಲೆ ನೋಡಿದರೆ ಕಾಲು ತನ್ನಷ್ಟಕ್ಕೆ ಕುಣಿಯುತ್ತಿದೆ. ಎರಡು — ತೆಳ್ಳನೆ ಸಿಂತಸೈಜರ್ ನಾದ, ಬಸ್ ಸ್ಟಾಪುಗಳ ಹೆಸರು ಓದುವ ಹಾಗೆ ಹಾಡುವ ಹುಡುಗಿ. ಎಲ್ಲೂ ಅಳುವುದಿಲ್ಲ, ಅದಕ್ಕೇ ನಮಗೆ ಅಳು ಬರುತ್ತದೆ. ಮೂರನೆಯದು ‘ಡುಬಿ ಡುಬಿ’. ಸಂಗೀತ ಮೇಷ್ಟ್ರದು, ತಂಗಿಯ ಆಲ್ಬಂ ಮಾಡುತ್ತಿರುವವರು. ದನಿ ನಮ್ಮ ತಂಗಿಯದು!

ತನ್ನ ಮನೆಯವರನ್ನೇ ಹೊಗಳಿಕೊಂಡಳು ಅನ್ನಬಾರದು, ತಂಗಿ ಅಂತ ರೇಡಿಯೊದಲ್ಲಿ ಹೇಳುವುದಿಲ್ಲ. ಆದರೆ ಹಾಡು ನಿಜಕ್ಕೂ ಚೆನ್ನಾಗಿದೆ. ‘ಡುಬಿಡುಬಿಡುಬಿ’ ಅಂತ ಅವಳ ದನಿ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಕೆಳಸ್ಥಾಯಿಯ ಬೇಸ್ ಬೇಕೆಂದೇ ತಡ ಮಾಡುತ್ತದೆ. ಬಂದಾಗ ಎದೆಗೂಡೇ ಅಲುಗುತ್ತದೆ. ಅರ್ಥವಿಲ್ಲದ ಮಾತಿಗೆ ಇಷ್ಟು ಖುಷಿ ತುಂಬುವುದು ಸುಲಭವಲ್ಲ. ಹಾಗೇ ಹೇಳುತ್ತೇನೆ.

ಮಾರ್ಚ್ 6, ಸೋಮವಾರ

ಹಾಡು ಹತ್ತಿಕೊಂಡುಬಿಟ್ಟಿತು. ಜಿಮ್‌ನಲ್ಲಿ, ಬಟ್ಟೆ ಅಂಗಡಿಯಲ್ಲಿ. ಕೆಳಗಿನ ಮನೆ ಮಗು ಹಲ್ಲುಜ್ಜುತ್ತಾ ಡುಬಿ ಡುಬಿ ಅನ್ನುತ್ತಿದೆ.

ಮೇಷ್ಟ್ರು ಫೋನ್ ಮಾಡಿದ್ದರು. ಯಾರಿಗೂ ಪಾಠ ಹೇಳಿದವರಲ್ಲ. ಎಂಥ ಹಾಡುಗಾರರನ್ನೂ ನಿಲ್ಲಿಸಿ ತಾಳ ತಿದ್ದುತ್ತಾರೆ, ಅದಕ್ಕೇ ಆ ಹೆಸರು. “ನಿಮ್ಮ ಕಿವಿ ಬಂಗಾರ ಕಣ್ರೀ. ನೀವು ಹೇಳ್ದೆ ಇದ್ರೆ ಯಾರ್ ಕೇಳ್ತಿದ್ರು?”

ಉಬ್ಬಿದೆ, ಸುಳ್ಳೇಕೆ. ತಂಗಿಗೆ ಕೊಡಿ ಅಂದೆ.

“ವಾಯ್ಸ್ ರೆಸ್ಟ್‌ನಲ್ಲಿದಾಳೆ. ಮಾತಾಡೋ ಹಾಗಿಲ್ಲ.”

ಆಲ್ಬಂ ಮುಗಿಯುವವರೆಗೆ ಅವರ ಸ್ಟುಡಿಯೊದಲ್ಲೇ ಇರುತ್ತೇನೆಂದು ಹೋದವಳು. ಊರಾಚೆ, ಮಹಡಿ ಮನೆ. ಒಳಗೆ ಫೋನ್ ಬಿಡುವುದಿಲ್ಲವಂತೆ, ಹೊರಗಿನ ಡಬ್ಬಿಯಲ್ಲಿ ಹಾಕಬೇಕು. ದಿನಕ್ಕೊಂದು ವಾಯ್ಸ್ ಮೆಸೇಜ್ ಮಾತ್ರ ಅಮ್ಮನಿಗೆ ತಪ್ಪದೆ ಬರುತ್ತದೆ. ‘ಊಟ ಆಯ್ತಮ್ಮ, ಚೆನ್ನಾಗಿದೀನಿ.’

“ಅದೇನು ರೆಸ್ಟೋ,” ಅಂದಳು ಅಮ್ಮ. “ಹುಟ್ಟಿದಾಗಿಂದ ಒಂದ್ ದಿನ ಬಾಯಿ ಮುಚ್ಚಿದೋಳಲ್ಲ.”

ಮಾರ್ಚ್ 11, ಶನಿವಾರ, ಮಧ್ಯಾಹ್ನ

ಎಲ್ಲಿಂದ ಶುರು ಮಾಡಲಿ...

ಹಾಲ್‌ನಲ್ಲಿ ‘ಡುಬಿ ಡುಬಿ’ ಹಾಕಿಕೊಂಡು ಬಟ್ಟೆ ಮಡಿಸುತ್ತಿದ್ದೆ. ಅಮ್ಮನಿಗೆ ಈ ಸಂಗೀತ ಅಂದರೆ ಆಗದು, ಗಿರಣಿ ಓಡ್ತಿದೆ ಅನ್ನುತ್ತಾಳೆ. ಮಗಳು ಹಾಡಿದ್ದು ಅಂದಮೇಲೂ ಪೂರ್ತಿ ಕೇಳಿರಲಿಲ್ಲ. ಇವತ್ತು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

“ಯಾಕೇ ಇವಳು ಬಿಡು ಬಿಡು ಅಂತಿದಾಳೆ? ಯಾರು ಹಿಡ್ಕೊಂಡಿದಾರೆ?”

“ಬಿಡು ಅಲ್ಲಮ್ಮ, ಡುಬಿ.”

“ಡುಬಿ ಅನ್ನೋ ಮಾತು ಎಲ್ಲಿದೆಯೇ? ನನ್ನ ಮಗಳ ದನಿ ನಂಗೊತ್ತಿಲ್ವಾ?”

ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನಗೂ ಕೇಳಿಸಿತು. ಬಿಡುಬಿಡುಬಿಡು. ಮಾತಿನ ನಡುವೆ ಕತ್ತರಿ ಹಾಕಿ ಮತ್ತೆ ಮತ್ತೆ ಸುತ್ತಿಸಿದ್ದಾರೆ ಅಷ್ಟೇ. ‘ಬಿಡು’ವಿನ ಬಾಲ ಹಿಡಿದು ಶುರು ಮಾಡಿದರೆ ಡುಬಿ. ಒಮ್ಮೆ ಹಾಗೆ ಕೇಳಿಸಿದ ಮೇಲೆ ಮತ್ತೆ ಡುಬಿ ಕೇಳಿಸುತ್ತಲೇ ಇಲ್ಲ. ಬಂಗಾರದ ಕಿವಿಯಂತೆ. ಬೆಂಕಿ ಹಾಕ.

ಮಾರ್ಚ್ 12, ಭಾನುವಾರ

ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ‘ಬಿಡು’ ಅವಳ ಬಾಯಲ್ಲಿ ಉಸಿರಿನಷ್ಟೇ ಸಲೀಸು. ಪರೀಕ್ಷೆ ಫೇಲಾದರೆ ‘ಹೋಗ್ಲಿ ಬಿಡು’. ಬಸ್ ತಪ್ಪಿದರೆ ‘ಇನ್ನೊಂದು ಬರುತ್ತೆ ಬಿಡು’. ಅಪ್ಪ ಇದ್ದಾಗ ಅವಳನ್ನು ‘ಬಿಡುರಾಣಿ’ ಅಂತಲೇ ಕರೆಯುತ್ತಿದ್ದರು. ಹರಟೆ ಹೊಡೆಯುವಾಗ ಮೇಷ್ಟ್ರು ರೆಕಾರ್ಡ್ ಮಾಡಿ ಹಾಡಿಗೆ ಹಾಕಿಕೊಂಡಿರಬೇಕು.

ನಮ್ಮ ಸೌಂಡ್ ಎಂಜಿನಿಯರ್ ಗುಂಡನಿಗೆ ಹೇಳಿದೆ. ಅವನೂ ಅದನ್ನೇ ಅಂದ. “ಅಲ್ಲಾ, ಮೇಷ್ಟ್ರಿಗೆ ಹೇಳಿದ್ದಾಗಿದ್ರೆ ‘ಬಿಡಿ’ ಅಂತಿರ್ಲಿಲ್ವಾ? ಅವ್ರನ್ನ ನೀವು ತಾವು ಅಂತ ತಾನೆ ಮಾತಾಡ್ಸೋದು? ‘ಬಿಡು’ ಅಂದ್ರೆ ಹೋಗ್ಲಿ ಬಿಡು ಅಂತಲೇ.”

ಹೌದಲ್ಲ! ವ್ಯಾಕರಣ ನನ್ನನ್ನು ಬದುಕಿಸಿತು. ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 20, ಸೋಮವಾರ

ಚಿಕ್ಕಪ್ಪ ಆಸ್ಪತ್ರೆಯಲ್ಲಿ, ಐಸಿಯು. ಅಮ್ಮ ಅಳುತ್ತಲೇ ತಂಗಿಗೆ ಮೆಸೇಜ್ ಕಳಿಸಿದಳು. ಚಿಕ್ಕಪ್ಪನ ಹೆಗಲ ಮೇಲೆ ಬೆಳೆದವಳು ಅವಳು.

ಉತ್ತರ ಬಂತು. ನಗುನಗುತ್ತಾ — “ಸರಿ ಅಮ್ಮ, ಆಮೇಲೆ ಮಾತಾಡ್ತೀನಿ. ನೀನು ಊಟ ಮಾಡು.”

“ಇಷ್ಟು ಕಲ್ಲಾದ್ಲಾ?” ಅಂದಳು ಅಮ್ಮ. ಫೋನನ್ನು ಮಗ್ಗುಲಲ್ಲಿ ಬೋರಲು ಹಾಕಿದಳು.

ನನಗೆ ಬೇರೇನೋ ಚುಚ್ಚಿತು. ಹಳೇ ಮೆಸೇಜುಗಳನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಹಾಕಿ, ದನಿಯ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ಇವತ್ತಿನ ‘ಸರಿ ಅಮ್ಮ’, ಹೋದ ವಾರದ ‘ಸರಿ ಅಮ್ಮ’, ಅದರ ಹಿಂದಿನದು. ಏರು ಇಳಿವು ಎಲ್ಲ ಒಂದೇ. ಒಂದೇ ಫೋಟೊದ ಪ್ರತಿಗಳು. ‘ಊಟ’ವೂ ಹಾಗೇ. ‘ಚೆನ್ನಾಗಿದೀನಿ’ಯೂ.

ಮನುಷ್ಯರು ಒಂದು ಮಾತನ್ನು ಎರಡು ಸಲ ಒಂದೇ ಥರ ಆಡುವುದಿಲ್ಲ. ಆಗುವುದಿಲ್ಲ.

ಹಾಗಾದರೆ ಅಮ್ಮನ ಜತೆ ಇಷ್ಟು ದಿನ ಮಾತಾಡುತ್ತಿದ್ದವರು ಯಾರು? ಅವಳ ಹಳೇ ಮಾತನ್ನು ತುಂಡು ಮಾಡಿ ಜೋಡಿಸಿ ಯಾರೋ ಕಳಿಸುತ್ತಿದ್ದಾರೆ. ಅಮ್ಮನಿಗೆ ಹೇಳಿಲ್ಲ.

ಮಾರ್ಚ್ 21, ಮಂಗಳವಾರ

ಹೋಗಿ ಬಂದೆ. ಊರು ಮುಗಿದ ಮೇಲೂ ಬಸ್ಸು ಬಹಳ ದೂರ ಹೋಗುತ್ತದೆ. ಬಿಳಿ ಮನೆ, ಕಿಟಕಿಗಳಿಗೆಲ್ಲ ಒಳಗಿನಿಂದ ಸದ್ದು ತಡೆಯುವ ಕಪ್ಪು ಫೋಮ್. ನಡುಹಗಲು, ಒಂದು ಹಕ್ಕಿಯ ಸದ್ದೂ ಇಲ್ಲ.

ಮೇಷ್ಟ್ರೇ ಬಾಗಿಲು ತೆಗೆದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಕೂರಿಸಿದರು, ನೀರು ಕೊಟ್ಟರು. “ರೆಕಾರ್ಡಿಂಗ್ ನಡೀತಿದೆ, ಕೆಂಪು ದೀಪ ಉರೀತಿದೆ ನೋಡಿ. ಈಗ ಬಾಗ್ಲು ತೆಗೆದ್ರೆ ಅವಳ ಮೂಡ್ ಹೋಗುತ್ತೆ.”

“ಕಾಯ್ತೀನಿ.”

“ಇಡೀ ದಿನ ಆಗುತ್ತೆ.”

“ಆಗ್ಲಿ.”

ನಕ್ಕರು. ಕಾದೆ. ಕೆಂಪು ದೀಪ ಆರಲಿಲ್ಲ. ಅವಳು ಒಳಗೆ ಹಾಡುತ್ತಿದ್ದರೆ ಇವರೇಕೆ ನನ್ನೆದುರು ಕೂತಿದ್ದಾರೆ ಅನ್ನುವುದು ಹೊಳೆಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ಕೇಳಿದೆ. “ಮೆಷಿನ್ ಇದೆಯಲ್ಲ, ರೆಕಾರ್ಡ್ ಮಾಡ್ಕೊಳುತ್ತೆ,” ಅಂದರು. ನನ್ನ ಲೋಟ ಎತ್ತಿಕೊಂಡು ಎದ್ದು ನಿಂತರು. ನಾನೂ ಏಳಬೇಕಾಯಿತು. ಒಬ್ಬಳೇ ಇದ್ದೆ, ಹೆದರಿಕೆಯಾಯಿತು.

ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ತಂಗಿಯ ಹಳದಿ ಶೂ ಇತ್ತು. ಒಂದರೊಳಗೆ ಜೇಡ ಬಲೆ ಕಟ್ಟಿತ್ತು.

ಮಾರ್ಚ್ 23, ಗುರುವಾರ

ಇವತ್ತು ಬೆಳಿಗ್ಗೆ ಮೇಷ್ಟ್ರು ರೀಮಿಕ್ಸ್ ಸ್ಪರ್ಧೆ ಶುರು ಮಾಡಿದ್ದರು. ‘ಡುಬಿ ಡುಬಿ’ಯ ಬೇಸ್, ಡ್ರಮ್, ದನಿ ಎಲ್ಲ ಬಿಡಿಬಿಡಿ ಫೈಲ್, ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಥರ ಜೋಡಿಸಬಹುದು. ಬಿಟ್ಟ ಕೂಡಲೇ ಇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ದನಿಯ ಫೈಲ್ ಬದಲಾಯಿಸಿದರು. ಮೊದಲು ಹಾಕಿದ್ದು ಕತ್ತರಿಸದೇ ಇದ್ದದ್ದು. ಅವಸರಕ್ಕೆ ಕೈ ತಪ್ಪಿದೆ. ಆ ಕತ್ತರಿಸದ್ದು ನನ್ನ ಹತ್ತಿರ ಇದೆ.

ಗುಂಡ, ನಾನು, ರೇಡಿಯೊ ಸ್ಟುಡಿಯೊದ ಬಾಗಿಲು ಹಾಕಿಕೊಂಡು ಕೇಳಿದೆವು. ಮೊದಲು ಬರೀ ಹಾಡು. ಆಮೇಲೆ ಕುರ್ಚಿ ಎಳೆದ ಸದ್ದು. ಆಮೇಲೆ ತಂಗಿ —

“ಸಾಕು ಮೇಷ್ಟ್ರೇ. ಮನೆಗೆ ಹೋಗ್ಬೇಕು. ಬಾಗ್ಲು ಯಾಕೆ ಹಾಕಿದ್ರಿ? ...ಕೈ ಬಿಡಿ. ಮೇಷ್ಟ್ರೇ, ಬಿಡಿ. ಬಿಡ್ರೀ... ನೋಯುತ್ತೆ ಬಿಡ್ರೀ... ಬಿಡೋ! ಬಿಡು! ಬಿಡು! ಬಿಡು!”

ಬಹುವಚನ ಏಕವಚನವಾಗಿದ್ದು ಹೀಗೆ. ನನ್ನನ್ನು ಬದುಕಿಸಿದ್ದ ವ್ಯಾಕರಣ.

ಕೊನೆಗೆ, ಮೈಕಿಗೆ ತೀರಾ ಹತ್ತಿರದಲ್ಲಿ, ಮೆತ್ತಗೆ, ಅವನ ದನಿ: “ಇದು. ಇದೇ ಬೇಕಿತ್ತು ನೋಡು.”

ಗುಂಡ ಹೆಡ್‌ಫೋನ್ ಕಿತ್ತಿಟ್ಟು ಗೋಡೆಗೆ ಮುಖ ಮಾಡಿ ನಿಂತ. ನಾನು ಇದನ್ನೇ ಖುಷಿ ಅಂದಿದ್ದೆ. ಇಡೀ ಊರನ್ನು ಇದರ ಮೇಲೆ ಕುಣಿಸಿದೆ.

ಅದೇ ದಿನ, ಸಂಜೆ

ಪೊಲೀಸ್ ಸ್ಟೇಷನ್. ಇನ್‌ಸ್ಪೆಕ್ಟರಮ್ಮ ಪೂರ್ತಿ ಕೇಳಿದರು. ಕೆಟ್ಟವರಲ್ಲ. “ಹಾಡಿಗೋಸ್ಕರ ಆಕ್ಟಿಂಗ್ ಮಾಡ್ಸಿರ್ಬಹುದಲ್ವಾ? ವಯಸ್ಸಿಗೆ ಬಂದ ಹುಡುಗಿ. ದಿನಾ ಮೆಸೇಜ್ ಬೇರೆ ಬರ್ತಿದೆ ಅಂತೀರಾ.”

“ಆ ಮೆಸೇಜ್ ಅವಳದಲ್ಲ ಮೇಡಂ.”

“ದನಿ ಅವಳದೇ ಅಂತ ನೀವೇ ಹೇಳ್ತಿದೀರಲ್ಲಮ್ಮ.”

ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೇ ನಾಲಿಗೆ ತೊಡರಿತು. ಹುಚ್ಚಿಯ ಹಾಗೆ ಕಂಡಿರಬೇಕು. ಸೋಮವಾರ ಯಾರನ್ನಾದರೂ ಕಳಿಸುತ್ತಾರಂತೆ. ಸೋಮವಾರ!

ಮಾರ್ಚ್ 24, ಶುಕ್ರವಾರ, ಕಾರ್ಯಕ್ರಮ ಮುಗಿಸಿ

‘ಡುಬಿ ಡುಬಿ’ ಹಾಕಲಿಲ್ಲ. ಕೇಳುಗರು ಬೈದು ಮೆಸೇಜ್ ಹಾಕುತ್ತಲೇ ಇದ್ದರು. ಕೊನೆಗೆ ಮೈಕಿನಲ್ಲಿ ಹೇಳಿದೆ: “ಆ ಹಾಡನ್ನು ಮುಂದಿನ ವಾರ ಹಾಕ್ತೀನಿ. ಕತ್ತರಿ ಬೀಳೋಕೆ ಮುಂಚಿನದನ್ನ. ಆ ಹುಡುಗಿ ನಿಜವಾಗಿ ಏನು ಹೇಳಿದ್ಲು ಅಂತ ನೀವೆಲ್ಲ ಕೇಳ್ಬೇಕು. ಅವಳು ನನ್ನ ತಂಗಿ.”

ಹೊರಗೆ ಬರುವಷ್ಟರಲ್ಲಿ ಅವನ ಫೋನ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದಕ್ಕೆ ಇಷ್ಟೂ ತಡ ಮಾಡಲಿಲ್ಲ.

“ಏನ್ರೀ ಇದು, ಮನೆ ವಿಷಯನ ಬೀದಿಗೆ ತರ್ತೀರಾ? ಅವಳಿಗೆ ಎಷ್ಟು ಬೇಜಾರಾಗಿದೆ ಗೊತ್ತಾ?”

“ಅವಳಿಗೆ ಕೊಡು ಫೋನು.”

‘ಕೊಡು’ ಅಂದೆ. ಬಾಯಿಗೆ ಬಂದದ್ದೇ ಹಾಗೆ.

“ನಾನೇ ಕರ್ಕೊಂಡ್ ಬರ್ತೀನಿ. ನಾಳೆ ಮಧ್ಯಾಹ್ನ. ಆ ಫೈಲು ಯಾವ್ದರಲ್ಲಿದೆ, ನಿಮ್ಮ ಲ್ಯಾಪ್‌ಟಾಪಲ್ಲಾ? ಅದನ್ನ ತೆಗೆದಿಟ್ಟಿರಿ. ತಂಗಿನ ಬಿಟ್ಟು ಹೋಗ್ತೀನಿ, ಅದನ್ನ ತಗೊಂಡ್ ಹೋಗ್ತೀನಿ.”

ಗುಂಡನ ಹತ್ತಿರ ಒಂದು ಪ್ರತಿ ಇದೆ. ಆ ಮಾತನ್ನು ಬಾಯಿ ಬಿಡಲಿಲ್ಲ. ಸರಿ ಅಂದೆ. ಅವಳು ಮನೆಗೆ ಬರಲಿ ಸಾಕು, ಮಿಕ್ಕದ್ದೆಲ್ಲ ಆಮೇಲೆ.

ಮಾರ್ಚ್ 25, ಶನಿವಾರ, ಮಧ್ಯಾಹ್ನ

ಅಮ್ಮನಿಗೆ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಎದ್ದು ತಂಗಿಯ ಹಾಸಿಗೆಗೆ ಒಗೆದ ಹೊದಿಕೆ ಹಾಸಿದಳು, ದಿಂಬು ಕೊಡವಿದಳು. “ಬರ್ಲಿ ಮೊದ್ಲು,” ಅಂದಳು. ಬೆಳಗಿನಿಂದ ಇದೊಂದೇ ಮಾತು.

ಗುಂಡ ದಾರಿಯಲ್ಲಿದ್ದಾನೆ, ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆ. ಅವನು ಬರುವವರೆಗೆ ಯಾರು ಬಂದರೂ ಬಾಗಿಲು ತೆಗೆಯಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ. ತಲೆಯಾಡಿಸಿದಳು. ಕೇಳಿಸಿತೋ ಇಲ್ಲವೋ.

ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ. ಕೈ ಏನಾದರೂ ಮಾಡುತ್ತಿರಬೇಕು. ಅವಳು ಬಂದರೆ ಮೊದಲು ಏನು ಹೇಳಲಿ? ತಪ್ಪಾಯ್ತು ಅನ್ನಲೇ? ಹೋಗ್ಲಿ ಬಿಡು ಅನ್ನುತ್ತಾಳೆ, ಗೊತ್ತು. ಅನ್ನಲಿ. ಅದನ್ನು ಕೇಳಬೇಕು ನನಗೆ.

ಬೆಲ್ ಆಯಿತು.

ಅಮ್ಮ ಎದ್ದಳು. ಕೈ ಹಿಡಿದು ಕೂರಿಸಿದೆ. ಗುಂಡನಾ? ಗುಂಡನಾದರೆ ಫೋನ್ ಮಾಡುತ್ತಿದ್ದ.

ತಂಗಿ! ಬಾಗಿಲಾಚೆ ತಂಗಿಯ ದನಿ! “ಅಮ್ಮಾ, ನಾನು. ಬಾಗ್ಲು ತೆಗಿ.” ಅವಳೇ, ದೇವರೇ, ಅವಳೇ. ಅಮ್ಮ ನನ್ನ ಕೈ ಕೊಸರಿಕೊಂಡು ಓಡಿದಳು. ನನ್ನ ಕಣ್ಣು ಮಂಜಾಗಿ ಬರೆದದ್ದು ಕಾಣುತ್ತಿಲ್ಲ.

“ಅಮ್ಮಾ, ನಾನು. ಬಾಗ್ಲು ತೆಗಿ.”

ಎರಡನೇ ಸಲ ಕೂಗುವವರು ಸ್ವಲ್ಪ ಜೋರಾಗಿ ಕೂಗುತ್ತಾರೆ. ಇಲ್ಲಾ ರೇಗುತ್ತಾರೆ.

“ಅಮ್ಮಾ, ನಾನು. ಬಾಗ್ಲು ತೆಗಿ.”

ಅಷ್ಟೇ ಜೋರು. ಅದೇ ಏರು ಇಳಿವು. ಕೂದಲೆಳೆಯಷ್ಟೂ... ಅಮ್ಮಾ, ಚಿಲಕ ತೆಗೀಬೇ—