ಕರೆಯದೆ ಬರುವ ದಿನ

ಸೆಗಯಾ, ಬಹ್ರೈನ್
8 ಜುಲೈ 2012

ನನ್ನ ಮುದ್ದು ಮಮ್ಮೀ,

ನಾವು ಮಂಗಳೂರಿಗೆ ಬರುತ್ತಿದ್ದೇವೆ, ನಾನೂ ಆಂದ್ರಿಸೂ, ಟಿಕೆಟ್ ಕೂಡ ಆಗಿದೆ! ಯಾವ ದಿನ, ಯಾವ ರೈಲು ಎಂದು ಕೊನೆಯಲ್ಲಿ ಬರೆಯುತ್ತೇನೆ, ಪುಟ ತಿರುಗಿಸಿ ನೋಡಬೇಡ. ಜೂನಿನಲ್ಲಿ ತಾನೇ ಲಾಟ್ವಿಯಾಕ್ಕೆ ಹೋಗಿ ಬಂದಿದ್ದೀಯಲ್ಲ, ಮತ್ತೆ ರಜೆಯೇ ಎಂದು ಅವನ ಮ್ಯಾನೇಜರ್ ಮುಖ ಗಂಟು ಹಾಕಿದರಂತೆ. ಇವನು, "ಅದು ನನ್ನ ಊರು, ಇದು ನನ್ನ ಹೆಂಡತಿಯ ಊರು" ಎಂದನಂತೆ. ಹೇಗಿದ್ದಾನೆ ನಿನ್ನ ಅಳಿಯ!

ಪತ್ರ ತಡವಾಯಿತು, ಬೈಯಬೇಡ. ಕನ್ನಡ ಟೀಚರಿಗೆ ಕನ್ನಡದಲ್ಲಿ ಬರೆಯಲು ಕಾನ್ವೆಂಟಿನಲ್ಲಿ ಕಲಿತ ಮಗಳಿಗೆ ಎಷ್ಟು ಭಯ ಗೊತ್ತಾ? ಮೂರು ಸಲ ಹರಿದೆ. ಫೋನು ಮಾಡಬಹುದಿತ್ತು. ಆದರೆ ನನ್ನ ಫೋನು ಎಂದು ಗೊತ್ತಾದ ಕೂಡಲೇ ಪಪ್ಪಾ ಎದ್ದು ಅಂಗಳಕ್ಕೆ ಹೋಗುತ್ತಾರೆ. ಪತ್ರವಾದರೆ ಊಟದ ಮೇಜಿನ ಮೇಲೆ ಬಿದ್ದಿರುತ್ತದೆ. ನೀನು ಮಾರ್ಕೆಟಿಗೆ ಹೋದಾಗ ಅವರು ಕನ್ನಡಕ ಹುಡುಕುತ್ತಾರೆ ಎಂದು ನನಗೆ ಗೊತ್ತು.

ಕಳೆದ ಶುಕ್ರವಾರ ನಮ್ಮೂರಿನ ಲಾನ್ಸೆಲೊಟ್ ಅಂಕಲ್ ಮತ್ತು ಜೂಲಿಯಾನಾ ಆಂಟಿ ಮುಹರ್ರಕ್‌ನಿಂದ ನಮ್ಮ ಫೋಟೋ ನೋಡಲು ಬಂದಿದ್ದರು. ಈಗ ನಾನೇ ಲಾಟ್ವಿಯಾದ ಗೈಡ್!

"ಎಂತ ಮಾರಾಯ್ತಿ, ಅದು ರಷ್ಯಾದ ಒಳಗಾ?" ಎಂದರು ಆಂಟಿ.

"ಅಯ್ಯೋ, ಇವನ ಎದುರು ಹಾಗೆ ಹೇಳ್ಬೇಡಿ ಆಂಟಿ, ಚಾ ಕೊಡುದಿಲ್ಲ. ಅದು ಬೇರೆಯೇ ದೇಶ. ಬಾಲ್ಟಿಕ್ ಸಮುದ್ರದ ಬದಿಯಲ್ಲಿ."

"ಸಮುದ್ರ ಉಂಟಲ್ಲ? ಹಾಗಾದ್ರೆ ಮೀನು ಉಂಟು. ಹುಡುಗಿ ಬದುಕ್ತಾಳೆ," ಎಂದರು ಅಂಕಲ್.

ಮಮ್ಮೀ, ಎಂಥ ಊರು ಅದು! ರೀಗಾದಿಂದ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಬಿಳಿ ತೊಗಟೆಯ ಬರ್ಚ್ ಮರಗಳು, ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಮೊದಲ ಕಮ್ಯುನಿಯನ್‌ಗೆ ಸಾಲಾಗಿ ನಿಂತ ಮಕ್ಕಳ ಹಾಗೆ. ವಿದ್ಯುತ್ ಕಂಬದ ತುದಿಯಲ್ಲಿ ಕೊಕ್ಕರೆಯ ಗೂಡು. ಗೌಯಾ ಎಂಬ ನದಿಯ ದಡದಲ್ಲಿ ನಮ್ಮ ಮುರಕಲ್ಲಿನಂತೆ ಕೆಂಪಗಿರುವ ಬಂಡೆ. ಆಂದ್ರಿಸ್ ಪ್ರತಿಯೊಂದು ಮರದ ಮುಂದೆ ನಿಂತು ಅದರ ಹೆಸರು ಹೇಳಿಸಿಯೇ ಮುಂದೆ ಬಿಡುತ್ತಿದ್ದ. ಜೂನ್ ಕೊನೆಯಲ್ಲಿ ಅಲ್ಲಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಆಗಿನ ಹಬ್ಬದ ರಾತ್ರಿ ಗಂಡಸರು ಓಕ್ ಎಲೆಯ ಕಿರೀಟ, ಹೆಂಗಸರು ಕಾಡುಹೂವಿನ ಕಿರೀಟ ಇಟ್ಟುಕೊಂಡು ಬೆಂಕಿಯ ಸುತ್ತ ಹಾಡುತ್ತಾರೆ. ಬೆಂಕಿಯ ಮೇಲಿಂದ ಹಾರಲು ನನ್ನನ್ನೂ ಕರೆದರು. ಸೀರೆ ಉಟ್ಟಿದ್ದೇನೆಂದು ತಪ್ಪಿಸಿಕೊಂಡೆ!

ಈಗ ನನ್ನ ದೊಡ್ಡ ಪೆದ್ದುತನದ ಕಥೆ ಕೇಳು. ಅವರ ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೂ ಹೆಸರುಗಳಿರುತ್ತವೆ. ನಿನ್ನ ಹೆಸರಿನ ದಿನ ಬಂದರೆ ಅದು ನಿನ್ನ ಹಬ್ಬ. ಜೂನ್ ಇಪ್ಪತ್ತನಾಲ್ಕು ಯಾನಿಸ್‌ಗಳ ದಿನ, ಅಂದರೆ ನಮ್ಮ ಸಂತ ಜುವಾಂವರದ್ದೇ, ಇಂಗ್ಲಿಷಿನ ಜಾನ್. ಜಾನೆಟ್ ಕೂಡ ಅದೇ ಕುಟುಂಬದ ಹೆಸರು ಎಂದು ನನ್ನ ಅತ್ತೆ ಮೈಯಾ ತೀರ್ಪು ಕೊಟ್ಟರು. ನನಗೆ ಕುಣಿಯುವಷ್ಟು ಖುಷಿ. ಹಬ್ಬ ಎಂದ ಮೇಲೆ ಕರೆಯಬೇಡವೇ? ಹಿಂದಿನ ದಿನ ಆಂದ್ರಿಸ್‌ನನ್ನು ಎಳೆದುಕೊಂಡು, ನಮ್ಮಲ್ಲಿ ಮದುವೆಗೆ ಹೇಳುವಂತೆ ಮನೆಮನೆಗೆ ಹೋಗಿ, "ನಾಳೆ ತಪ್ಪದೆ ಬರಬೇಕು" ಎಂದು ಕೈಮುಗಿದು ಬಂದೆ. ಅವನು ನಗು ತಡೆದುಕೊಂಡು ಅನುವಾದ ಮಾಡಿದ, ದುಷ್ಟ.

ಪಕ್ಕದ ಮನೆಯ ವೆಲ್ಟಾ ಅಜ್ಜಿಯ ಮುಖ ಮಾತ್ರ ಗಡಿಗೆಯಾಯಿತು. ಸೀದಾ ಅತ್ತೆಯ ಅಡುಗೆಮನೆಗೆ ಬಂದು ಕೇಳಿದರು: "ನಾನು ಈ ಮನೆಗೆ ಮುದುಕಿಯಾಗುವವರೆಗೆ ಬಂದಿದ್ದೇನೆ. ಈಗ ಕರೆದರೆ ಮಾತ್ರ ಬರಬೇಕೇನು?"

ಅತ್ತೆ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಹೆಸರಿನ ದಿನಕ್ಕೆ ಯಾರನ್ನೂ ಕರೆಯುವುದಿಲ್ಲವಂತೆ ಮಮ್ಮೀ. ಪ್ರೀತಿ ಇದ್ದವರು ತಾವಾಗಿಯೇ ಬರುತ್ತಾರೆ. ಮನೆಯವರು ಮಾಡಬೇಕಾದದ್ದು ಇಷ್ಟೇ, ಕೇಕ್ ಮಾಡಿಟ್ಟು ಬಾಗಿಲು ತೆರೆದಿಡುವುದು. ಬಂದವರನ್ನು, ಯಾರೇ ಆಗಲಿ, ಹೊರಗೆ ನಿಲ್ಲಿಸುವಂತಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಬಂದವರು ವೆಲ್ಟಾ ಅಜ್ಜಿಯೇ. ಜೀರಿಗೆಯಂಥ ಕಾಳು ಹಾಕಿದ ದುಂಡನೆಯ ಚೀಸ್ ನನ್ನ ಕೈಗಿಟ್ಟು, "ನೀನು ಕರೆದದ್ದಕ್ಕೆ ಬಂದದ್ದಲ್ಲ, ತಿಳಿಯಿತಾ?" ಎಂದು ಗದರಿಸಿ ಮುತ್ತು ಕೊಟ್ಟರು.

ಅಲ್ಲಿ ಹೊಸ ಸೊಸೆ ಗಂಡನ ಕಡೆಯವರಿಗೆಲ್ಲ ತಾನೇ ಹೆಣೆದ ಉಣ್ಣೆಯ ಕೈಗವಸು ಕೊಡಬೇಕು. ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಅತ್ತೆಯೇ ಚಳಿಗಾಲವಿಡೀ ಹೆಣೆದು, ನನ್ನ ಕೈಯಿಂದ ಹಂಚಿಸಿದರು. ಒಂದು ಜೊತೆ ಉಳಿಯಿತು, ದೊಡ್ಡ ಅಳತೆಯದ್ದು, ಕೆಂಪು ನಕ್ಷತ್ರಗಳಿರುವುದು. "ಇದು ನಿನ್ನ ತಂದೆಗೆ" ಎಂದರು. ಮಂಗಳೂರಿನಲ್ಲಿ ಉಣ್ಣೆಯ ಕೈಗವಸು! ಸಾನ್ನಾಂ ಇಡ್ಲಿ ಬೇಯುವಾಗ ಪಾತ್ರೆ ಇಳಿಸಲು ಆಗಬಹುದು ಎಂದರು ಶುಕ್ರವಾರ ಲಾನ್ಸೆಲೊಟ್ ಅಂಕಲ್. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟು ನಿಂತೆ.

ಇಲ್ಲಿ ಸೆಕೆ ಎಂದರೆ ಸೆಕೆ. ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತದೆ. ನಾನು ಚೆನ್ನಾಗಿ ತಿನ್ನುತ್ತಿದ್ದೇನೆ, ಚಿಂತೆ ಬೇಡ. ನಮ್ಮಿಬ್ಬರ ತಲೆಯ ಮೇಲೂ ನಿನ್ನ ಆಶೀರ್ವಾದದ ಕೈ ಇರಲಿ. ರಾತ್ರಿ ಜಪಮಾಲೆಯ ತೇರ್ಸ ಪ್ರಾರ್ಥನೆಯ ಕೊನೆಗೆ ಪಪ್ಪಾ ಎಲ್ಲರ ಹೆಸರು ಹೇಳುವಾಗ, ಅವರು ನಿಲ್ಲಿಸಿದಲ್ಲಿ ನನ್ನ ಹೆಸರು ನೀನು ಸೇರಿಸು.

ನಿನ್ನ ಮಗಳು
ಜಾನೆಟ್

ತಾ.ಕ. ಇದು ಪಪ್ಪಾನಿಗೆ. ಪಪ್ಪಾ, ಕನ್ನಡಕ ಸಿಕ್ಕಿತಾ? ಆಂದ್ರಿಸ್ ನಮ್ಮ ಕಥೋಲಿಕ ಸಭೆಯವನಲ್ಲ ಎಂದು ನೀವು ಮದುವೆಗೆ ಬರಲಿಲ್ಲ. ಚರ್ಚಿನ ಬಾಗಿಲಲ್ಲಿ ನಿಮ್ಮ ಬದಲು ನನ್ನನ್ನು ಒಳಗೆ ಕರೆದೊಯ್ಯಲು ಲಾನ್ಸೆಲೊಟ್ ಅಂಕಲ್ ಕೈ ಚಾಚಿದಾಗಲೂ ನಾನು ಗೇಟಿನ ಕಡೆಗೇ ನೋಡುತ್ತಿದ್ದೆ. "ನಾನಾಗಿ ಕರೆಯುವ ತನಕ ಈ ಮನೆ ಮೆಟ್ಟಬೇಡ" ಎಂದಿರಿ. ಮದುವೆಯಾದ ಮೇಲೆ ತವರಿನವರು ಬಂದು ಕರೆದೊಯ್ಯುವ ಶಾಸ್ತ್ರ ಉಂಟಲ್ಲ, ಅದಕ್ಕಾಗಿ ಎರಡು ಸೀರೆ ಮಡಚಿಟ್ಟು ಕಾದೆ. ನೀವು ಕರೆಯಲಿಲ್ಲ. ಲಾಟ್ವಿಯಾದಿಂದ ಹೊರಡುವ ದಿನ ಅತ್ತೆಯ ಕ್ಯಾಲೆಂಡರಿನ ಹಾಳೆ ತಿರುವಿದೆ. ಆಗಸ್ಟ್ ಐದರ ಕೆಳಗೆ ನಿಮ್ಮ ಹೆಸರಿತ್ತು, ಓಸ್ವಾಲ್ಡ್. ಆ ದಿನಕ್ಕೆ ಕರೆಯುವ ಕ್ರಮವೇ ಇಲ್ಲ ಪಪ್ಪಾ, ಹಾಗಾಗಿ ನಿಮ್ಮ ಮಾತು ಮೀರಿದಂತಾಗುವುದಿಲ್ಲ. ಬಾಗಿಲು ತೆರೆದಿದ್ದರೆ ಸಾಕು, ಕೇಕ್ ನಾನೇ ತರುತ್ತೇನೆ. ಸಣ್ಣವಳಿದ್ದಾಗ ನೀವು ನನ್ನನ್ನು ಕಿಟಕಿಯ ಬಳಿ ಕೂರಿಸಿ ಕೊಂಕಣದ ಸುರಂಗಗಳನ್ನು ತೋರಿಸಿದಂತೆ ನಾನು ಆಂದ್ರಿಸ್‌ಗೆ ತೋರಿಸಬೇಕು, ಅದಕ್ಕೇ ಮುಂಬೈವರೆಗೆ ಮಾತ್ರ ವಿಮಾನ. ಆಗಸ್ಟ್ ಐದು, ಭಾನುವಾರ ಬೆಳಿಗ್ಗೆ, ಮಂಗಳೂರು ಸೆಂಟ್ರಲ್, ಮತ್ಸ್ಯಗಂಧಾ ಎಕ್ಸ್‌ಪ್ರೆಸ್.