ಬಾಗಿಲಿಗೆ ಅಡ್ಡ ಕೊಟ್ಟ ಚಪ್ಪಲಿ

ಮನೆ ಮಾಲೀಕರಿಗೆ, ಮಹಡಿ ಕೋಣೆಯಲ್ಲಿ ವಾರವಾರ ಸೇರುವ ಹೆಂಗಸರೆಲ್ಲರ ಪರವಾಗಿ ಕಾಲರ್ ಹೊಲಿಯುವವಳ ನಮಸ್ಕಾರ.

ಭಾನುವಾರ ನಾವು ಬಾಗಿಲು ತೆರೆದಿಟ್ಟು ಆಡುವ ಮಾತು ಬೀದಿಗೆಲ್ಲ ಕೇಳುತ್ತದೆ ಎಂದು ದೂರಿದ್ದೀರಿ. ನಿಜ, ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಪಳಗಿದ ಗಂಟಲು ನಮ್ಮದು. ಆದರೆ ಬಾಗಿಲು ಮುಚ್ಚಲಾರೆವು. ನಮ್ಮ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ನಾವು ಹೊಲಿಯುತ್ತಿದ್ದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದರು. ಇಪ್ಪತ್ತು ಜನರಲ್ಲಿ ಬದುಕುಳಿದವರು ನಾವು ಒಂಬತ್ತು ಮಂದಿ. ವಾರಕ್ಕೊಬ್ಬರಂತೆ ಆ ದಿನದ ಕಥೆ ಹೇಳಿಕೊಂಡು, ಅತ್ತು, ಕೊನೆಗೆ ಏನಕ್ಕೋ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಮನೆಗೆ ಹೋಗುತ್ತೇವೆ.

ಕಳೆದ ವಾರ ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಎಲ್ಲರೂ ಎದ್ದು ನಿಂತೆವು. ಒಬ್ಬರಿಗೂ ಹೆಜ್ಜೆ ಕಿತ್ತಿಡಲಾಗಲಿಲ್ಲ. ಆ ಬೆಂಕಿಯಲ್ಲಿ ಅಕ್ಕನನ್ನು ಕಳೆದುಕೊಂಡ ಮೇಲೆ ತುಟಿಯನ್ನೇ ಬಿಚ್ಚದ ಗುಂಡಿ ಹೊಲಿಯುವ ಹುಡುಗಿ ಹೋಗಿ ಬಾಗಿಲು ತೆರೆದು, ತನ್ನ ಚಪ್ಪಲಿಯೊಂದನ್ನು ಅಡ್ಡ ಕೊಟ್ಟಳು. "ಕೂತ್ಕೊಳ್ಳಿ ಎಲ್ರೂ, ಇನ್ನು ಮುಚ್ಚಲ್ಲ. ಇವತ್ತು ನಾನು ಹೇಳ್ತೀನಿ" ಅಂದಳು.

ದಯವಿಟ್ಟು ಈ ಮಹಡಿ ಬಾಗಿಲಿನ ಹೊರಗಿನ ಚಿಲಕ ಕೀಳಿಸಿಬಿಡಿ. ದನಿ ತಗ್ಗಿಸಲು ನೋಡುತ್ತೇವೆ, ಮಾತು ಮಾತ್ರ ಕೊಡಲಾರೆವು.

ಇನ್ನೊಂದು ವಿಷಯ. ಕಸ ಗುಡಿಸುವವರು ಆ ಚಪ್ಪಲಿ ಎಸೆಯದಂತೆ ಹೇಳಿ. "ಇಲ್ಲೇ ಇರ್ಲಿ, ಮುಂದಿನ ವಾರ ಬರ್ತೀನಲ್ಲ" ಅಂದು ಅವಳು ಒಂದೇ ಚಪ್ಪಲಿಯಲ್ಲಿ ಮನೆಗೆ ಹೋದಳು.

ಇಂತಿ,
ನಿಮ್ಮ ಮಹಡಿಯ ಗಲಾಟೆಯವಳು