ಎರಡು ನಿನಗೆ, ಎರಡು ನನಗೆ

ಬಾಥೆಲ್
ರವಿವಾರ, ೮ ಡಿಸೆಂಬರ್ ೨೦೨೪

ವಿಜಯೇಂದ್ರ,

ಹೆಸರಿನ ಮೊದಲು ಪ್ರಿಯ ಗಿಯ ಅಂತ ಏನೂ ಹಾಕಿಲ್ಲ. ಹಾಕಲೆಂದು ಪೆನ್ನು ಎತ್ತಿದೆ, ಸುಳ್ಳು ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಕತ್ತರಿಸುತ್ತೀ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀ. ಅದಕ್ಕೇ ಕಾಗದ. ಬರುವ ಶುಕ್ರವಾರ ಇಂಚರಳನ್ನು ಕರೆದೊಯ್ಯಲು ಪರ್ವತ ದಾಟಿ ಬರುವ ಮೊದಲು ಇದನ್ನು ಪೂರ್ತಿ ಓದು.

ನಮ್ಮ ಮಗಳಿಗೆ ಎಂಟು ವರ್ಷ. ಎರಡು ವಾರಕ್ಕೊಮ್ಮೆ ಅವಳು ನಿನ್ನ ಕಾರಿನಲ್ಲಿ ಸ್ಟೀವನ್ಸ್ ಪಾಸ್‌ನ ಘಟ್ಟ ಹತ್ತಿಳಿದು ನೀನಿರುವ ವೆನಾಚಿಗೆ ಹೋಗಬೇಕು, ರವಿವಾರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಕೋರ್ಟಿನ ಆದೇಶ ಹಾಗಿದೆ. ಆದೇಶ ಆದದ್ದು ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ಆ ರಸ್ತೆ ಬಹಳ ಚೆಂದ.

ಹೋದ ರವಿವಾರ ನೀನು ಅವಳನ್ನು ಬಿಟ್ಟುಹೋದ ಮೇಲೆ, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ ಹೇಳಿದಳು: "ಅಮ್ಮಾ, ಅಪ್ಪನ ಕಾರ್ ಡಿಡ್ ಎ ಫುಲ್ ಸ್ಪಿನ್. ಲೈಕ್ ದ ಟೀಕಪ್ ರೈಡ್." ಆಮೇಲೆ ಚಮಚ ಬಾಯಲ್ಲಿಟ್ಟುಕೊಂಡೇ, "ಓ, ನಿಂಗೆ ಹೇಳಬಾರ್ದಿತ್ತು," ಅಂದಳು. ಕನ್ನಡದಲ್ಲೇ ಅಂದಳು. ತಪ್ಪು ಮಾಡಿದಾಗ ಮಾತ್ರ ಅವಳಿಗೆ ಕನ್ನಡ ನೆನಪಾಗುತ್ತದೆ.

ಎಂಟು ವರ್ಷದ ಮಗುವಿನ ಬಾಯಿಗೆ ಬೀಗ ಹಾಕಿ ಕಳಿಸಿದ್ದೀ. ರಸ್ತೆ ಬದಿಗೆ ಒತ್ತಿದ ಹಿಮದ ರಾಶಿ ನಿಮ್ಮ ಕಾರನ್ನು ಹಿಡಿದು ನಿಲ್ಲಿಸಿತಂತೆ. ಒಂದು ಕಡೆ ರಾಶಿ ಇತ್ತು. ಇನ್ನೊಂದು ಕಡೆ ಏನಿತ್ತು ಅಂತ ಅವಳು ನೋಡಿಲ್ಲ. ನೀನು ನೋಡಿದ್ದೀ.

ಯಾಕೆ ತಿರುಗಿತು ಅನ್ನುವುದು ಇಬ್ಬರಿಗೂ ಗೊತ್ತು. ಆದರೂ ಬರೆಯುತ್ತೇನೆ, ನಾವು ಎಂಥ ಮೂರ್ಖರು ಅನ್ನುವುದಕ್ಕೆ ಒಂದು ಕಡೆ ಸಾಕ್ಷಿ ಇರಲಿ. ಧಾರವಾಡದಲ್ಲಿ ಓದುವಾಗ ಹಿರಿಯರ ಪಂಚಾಯ್ತಿಗಳ ವಿರುದ್ಧ ಕರಪತ್ರ ಬರೆದು ಬಸ್‌ಸ್ಟ್ಯಾಂಡಿನಲ್ಲಿ ಹಂಚಿದವರು ನಾವು. ಜಾತಿ ಬಿಟ್ಟು ಮದುವೆಯಾಗಿ ಎರಡೂ ಮನೆಯ ಬಾಗಿಲು ಹಾಕಿಸಿಕೊಂಡವರು. ಬೇರೆಯಾಗುವ ಹೊತ್ತಿಗೆ ಮಾತ್ರ ಸಮಾಮಿಶ್‌ನ ಸಂಗನಬಸಪ್ಪ ಕಾಕಾನ ಡೈನಿಂಗ್ ಟೇಬಲ್ಲಿನ ಮುಂದೆ ಕೈಕಟ್ಟಿ ಕೂತೆವು. ಊರಲ್ಲಿ ಅಣ್ಣತಮ್ಮಂದಿರ ಪಾಲು ಮಾಡಿಸಿದ ಅನುಭವ ಅವರದು. ಕುಕ್ಕರು ಈಕಿಗೆ, ಮಿಕ್ಸರು ಅವಂಗ ಅನ್ನುತ್ತಾ ಗ್ಯಾರೇಜಿನಲ್ಲಿದ್ದ ನಾಲ್ಕು ಚಳಿಗಾಲದ ಟೈರುಗಳ ಮಾತಿಗೆ ಬಂದರು. "ನಾಕ ಅದಾವ. ಎರಡ ಅವಂಗ, ಎರಡ ನಿನಗ. ಇದರಾಗ ಏನ್ ತಕರಾರ ಐತಿ?" ಅಂದರು. ಅಡುಗೆಮನೆಯಿಂದ ಅವರ ಹೆಂಡತಿ ಸಿದ್ದಮ್ಮ ಕಾಕು, "ಟೈರ್ ಏನ್ ರೊಟ್ಟಿ ಅನ್ಕೊಂಡೀರೇನ್ರೀ, ಮುರದು ಹಂಚಾಕ?" ಅಂತ ಕೇಳಿದರು. "ನೀ ಚಾ ತೊಗೊಂಡ್ ಬಾ," ಅಂದರು ಕಾಕಾ. ಆ ಮನೆಯಲ್ಲಿ ಬುದ್ಧಿ ಇದ್ದ ಒಂದೇ ಒಂದು ಬಾಯಿಯನ್ನು ಚಹಾ ಮಾಡಲು ಕಳಿಸಿದರು. ನೀನು ಹ್ಞೂಂ ಅಂದೆ, ನಾನೂ ಹ್ಞೂಂ ಅಂದೆ. ಅವತ್ತು ಯಾರು ಮೊದಲು ಬಾಯಿ ಬಿಟ್ಟರೂ ಸೋತಂತೆ ಇತ್ತು.

ನನ್ನ ಕಾರಿನ ಗಾಲಿಯ ಅಳತೆಯೇ ಬೇರೆ. ನನ್ನ ಪಾಲಿನ ಎರಡು ಟೈರು ಬಾಲ್ಕನಿಯಲ್ಲಿ ಕೂತಿವೆ, ಅವುಗಳ ಮೇಲೆ ಕೊತ್ತಂಬರಿ ಕುಂಡ. ನಿನ್ನ ಪಾಲಿನ ಎರಡನ್ನು ನೀನು ಕಾರಿನ ಮುಂದಕ್ಕೆ ಹಾಕಿ, ಹಿಂದೆ ಆಲ್ ಸೀಸನ್ ಟೈರು ಹಾಗೇ ಬಿಟ್ಟೆ. ಮುಂದಿನವು ಹಿಮವನ್ನು ಕಚ್ಚುತ್ತವೆ, ಹಿಂದಿನವು ಜಾರುತ್ತವೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಸಾಕು, ಕಾರಿನ ಹಿಂಭಾಗ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ನಾಲ್ಕಕ್ಕೆ ನಾಲ್ಕೂ ಒಂದೇ ಜಾತಿಯವು ಇರಬೇಕು. ಜಾತಿ ಅನ್ನುವ ಮಾತನ್ನು ನಾನು ಒಪ್ಪಿ ಬರೆಯುತ್ತಿರುವುದು ಇದೊಂದೇ ಕಡೆ.

ಮರುದಿನ ಫೋನ್ ಮಾಡಿ ಬೈದೆ. ನೀನು ತಣ್ಣಗೆ ಹೇಳಿದೆ: "ಟೈರಿನ ಬದೀಗೆ ಎಂ ಎಸ್ ಅಂತ ಬರದೈತಿ ನೋಡು. ಪಾಸ್‌ನ್ಯಾಗ ಹಿಮದ ಟೈರ್ ಬೇಕಂತ ಬೋರ್ಡ್ ಹಾಕಿದಾಗೂ ಅದು ನಡೀತೈತಿ. ಪೊಲೀಸರಿಗೆ ಇಲ್ಲದ ತಕರಾರ ನಿನಗ್ಯಾಕ?" ಕಾನೂನಿನ ಮಟ್ಟಿಗೆ ನೀನು ಹೇಳಿದ್ದು ಸರಿ. ಮಣ್ಣು, ಹಿಮ ಎರಡಕ್ಕೂ ಆಗುತ್ತದೆ ಅಂತ ಕಂಪನಿಯವರು ತಾವೇ ಅಚ್ಚು ಹಾಕಿಕೊಂಡ ಎರಡಕ್ಷರ ಅದು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟೈರಿಗೆ ಬೇರೆ ಗುರುತಿದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ನಿನ್ನ ಹಿಂದಿನ ಟೈರುಗಳ ಮೇಲೆ ಆ ಬೆಟ್ಟ ಇಲ್ಲ. ಕಾನೂನು ಕನಿಷ್ಠವನ್ನು ಕೇಳುತ್ತದೆ. ಕನಿಷ್ಠ ಕೂಲಿಯ ಮೇಲೆ ಯಾರ ಹೊಟ್ಟೆ ತುಂಬಿದೆ ಅಂತ ಮೆರವಣಿಗೆಯಲ್ಲಿ ಕೂಗುತ್ತಿದ್ದವನು ನೀನು. ಈಗ ಕನಿಷ್ಠದ ಮೇಲೆ ಮಗಳನ್ನು ಕೂರಿಸಿಕೊಂಡು ಬೆಟ್ಟ ಇಳಿಯುತ್ತೀ.

ಆಲ್ ಸೀಸನ್ ಅನ್ನುವುದೇ ಒಂದು ಮೋಸ. ಚಳಿ ಬಿದ್ದೊಡನೆ ಆ ರಬ್ಬರ್ ಬಿರುಸಾಗಿ ರಸ್ತೆಯ ಮೇಲಿನ ಹಿಡಿತ ಬಿಡುತ್ತದೆ. ಎಲ್ಲ ಕಾಲಕ್ಕೂ ಹೊಂದಿಕೊಂಡು ಹೋಗಬೇಕವ್ವಾ ಅಂತ ನಿಮ್ಮವ್ವ ಗೌರಾದೇವಿಯವರು ನನಗೂ ಹೇಳುತ್ತಿದ್ದರು. ನಾನೂ ಹೊಂದಿಕೊಂಡೆ, ಬಿರುಸಾಗುವವರೆಗೆ. ಇರಲಿ, ಆ ಜಗಳ ಇಲ್ಲಿ ಬೇಡ.

ನನ್ನ ಪಾಲಿನ ಎರಡನ್ನೂ ನಿನಗೆ ಕೊಟ್ಟು ಮುಗಿಸೋಣ ಅಂತ ಕುಂಡ ಇಳಿಸಿ ನೋಡಿದೆ. ಬದಿಯಲ್ಲಿ ಅವು ತಯಾರಾದ ವರ್ಷ ಅಚ್ಚಾಗಿದೆ. ಇಂಚರ ಹುಟ್ಟಿದ ವರ್ಷವೇ. ಉಗುರು ಒತ್ತಿದರೆ ಊರುವುದಿಲ್ಲ, ರಬ್ಬರ್ ಅಷ್ಟು ಬಿರುಸಾಗಿದೆ. ನಿನ್ನ ಮುಂದಿನ ಎರಡೂ ಇವುಗಳ ಜೊತೆಯವೇ, ಅವಕ್ಕೂ ಅಷ್ಟೇ ವಯಸ್ಸು. ಅಂದರೆ ನಾವು ಪಾಲು ಮಾಡಿಕೊಂಡದ್ದು ಸತ್ತ ಟೈರುಗಳನ್ನು.

ಮತ್ತೆ ಫೋನ್ ಮಾಡಿ, ಹಾಗಾದರೆ ಹೊಸ ನಾಲ್ಕನ್ನು ನಾನೇ ಕಳಿಸುತ್ತೇನೆ ಅಂದೆ. "ನಿನ್ನ ಟೈರ್ ಮ್ಯಾಲೆ ನನ್ನ ಕಾರ್ ಓಡ್ಸೂದಿಲ್ಲ," ಅಂದೆ ನೀನು. ಎಷ್ಟು ಸಭೆಗಳಲ್ಲಿ ಗಂಡಸುತನದ ಬಗ್ಗೆ ಭಾಷಣ ಬಿಗಿದೆಯಪ್ಪಾ. ಆಗ ನಾನು ಹೇಳಿದೆ: ಬಿಡು, ನನ್ನ ಕಾರಿಗೇ ಹಾಕಿಸುತ್ತೇನೆ, ಹೋಗಿ ಬರುವ ಎರಡೂ ದಾರಿ ನಾನೇ ಓಡಿಸುತ್ತೇನೆ. "ನಿನ್ನ ಖುಷಿ," ಅಂದೆ ನೀನು.

ಮುಂದಿನ ಎರಡು ದಿನ ನಾನು ಟೈರಿನ ಬಗ್ಗೆ ಓದಿದಷ್ಟು ಪರೀಕ್ಷೆಗೂ ಓದಿರಲಿಲ್ಲ. ಕೇಳಿದವರೆಲ್ಲ ಪಂಡಿತರೇ. ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿರುವ ರಘು, "ಪೂರ್ಣಿಮಾ ಅವ್ರೇ, ಆಲ್ ವೀಲ್ ಡ್ರೈವ್ ಕಾರ್ ತಗೊಳ್ಳಿ, ಟೈರ್ ಗೀರ್ ಯೋಚ್ನೆನೇ ಇಲ್ಲ. ನಾನು ಪ್ರತಿ ಕ್ರಿಸ್‌ಮಸ್‌ಗೆ ಪಾಸ್ ದಾಟಿ ಲೆವನ್‌ವರ್ತ್ ಲೈಟ್ಸ್ ನೋಡಕ್ಕೆ ಹೋಗ್ತೀನಿ, ಏನೂ ಆಗಿಲ್ಲ," ಅಂದ. "ಹೋಗಾಕ ನಾಕೂ ಗಾಲಿ ಎಳೀತಾವ ರಘು, ನಿಲ್ಲಾಕ ಯಾರ್ ಎಳೀಬೇಕು?" ಅಂದೆ. ನಕ್ಕ. ಏನೂ ಆಗದವರ ನಗು ಅದು. ಮೊಳೆ ಹೊಡೆದ ಟೈರು ಗಟ್ಟಿ ಮಂಜುಗಡ್ಡೆಗೆ ಒಳ್ಳೆಯದು. ಆದರೆ ಬಾಥೆಲ್‌ನಿಂದ ಬೆಟ್ಟದ ಬುಡದವರೆಗೆ ಬರೀ ಒದ್ದೆ ರಸ್ತೆ, ಅಲ್ಲಿ ಮೊಳೆ ಜಾರುತ್ತದೆ, ಮಾರ್ಚ್ ಮುಗಿಯುವುದರೊಳಗೆ ಆ ಟೈರು ಬಿಚ್ಚಿಸಬೇಕು ಅನ್ನುವ ಕಾನೂನೂ ಇದೆ. ವರ್ಷವಿಡೀ ಹಾಕಬಹುದಾದ, ಬೆಟ್ಟದ ಗುರುತೂ ಇರುವ ಟೈರು ಬಂದಿದೆ. ಊರೊಳಗಿನ ಹಿಮಕ್ಕೆ ಸಾಕು, ವಾರ ಬಿಟ್ಟು ವಾರ ಪಾಸ್ ಹತ್ತುವವರಿಗೆ ಸಾಲದು. ಕಡೆಗೆ ಮೊಳೆ ಇಲ್ಲದ, ಮೆತ್ತನೆ ರಬ್ಬರಿನ, ಮೈತುಂಬ ಸಣ್ಣ ಸೀಳುಗಳಿರುವ ಚಳಿಗಾಲದ ಟೈರನ್ನೇ ಆರಿಸಿದೆ. ನಾಲ್ಕೂ ಹೊಸವು. ಆ ಸೀಳುಗಳು ಮಂಜುಗಡ್ಡೆಯ ಮೇಲಿನ ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ. ಹಾಕಿಸಿದ ದಿನ ಪಾರ್ಕಿಂಗ್ ಲಾಟಿನಲ್ಲಿ ಕೂತು ಅವನ್ನು ಕೈಯಿಂದ ಸವರಿದೆ. ಗೆದ್ದೆ ಅಂದುಕೊಂಡೆ.

ಮಗಳನ್ನು ಕೂರಿಸುವ ಮೊದಲು ಒಬ್ಬಳೇ ಓಡಿಸಿ ನೋಡಬೇಕು ಅಂತ ಗುರುವಾರ ರಜೆ ಹಾಕಿ ಪಾಸ್‌ಗೆ ಹೋದೆ. ಇದನ್ನು ನಿನಗೆ ಹೇಳಿರಲಿಲ್ಲ. ಇಂಚರಳಿಗೂ ಹೇಳಿಲ್ಲ. ಕಾರು ರಿಪೇರಿಗೆ ಕೊಟ್ಟಿದ್ದೇನೆ ಅಂತಷ್ಟೇ ಹೇಳಿದ್ದೇನೆ.

ಹತ್ತುವಾಗ ಒಂದಿಷ್ಟೂ ಅಲುಗಲಿಲ್ಲ. ಇಳಿಯುವಾಗ ತಿರುವಿನಲ್ಲಿ, ಮೇಲೆ ಸ್ಕೀ ಕಟ್ಟಿಕೊಂಡ ಒಂದು ಕಾರು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಗಾಲಿ ಸುಮ್ಮನೆ ತಿರುಗುತ್ತಿದ್ದವು. ಬ್ರೇಕ್ ಒತ್ತಿದೆ. ನನ್ನ ಟೈರು ಹಿಡಿದವು ವಿಜಯೇಂದ್ರ, ನೆಲಕ್ಕೆ ಅಂಟಿದ ಹಾಗೆ ಹಿಡಿದವು. ಕಾರು ನಿಂತಿತು. ನನ್ನ ಹಿಂದಿದ್ದ ಪಿಕಪ್ ನಿಲ್ಲಲಿಲ್ಲ. ಕನ್ನಡಿಯಲ್ಲಿ ಅದು ನಿಧಾನವಾಗಿ, ಬಹಳ ನಿಧಾನವಾಗಿ, ದೊಡ್ಡದಾಗುತ್ತಾ ಬಂದಂತೆ ಕಂಡಿತು. ಆತ ಎರಡೂ ಕೈಯನ್ನು ಸ್ಟಿಯರಿಂಗಿನಿಂದ ಎತ್ತಿಬಿಟ್ಟಿದ್ದ.

ನನಗೆ ಕತ್ತು ಸ್ವಲ್ಪ ನೋವು, ಅಷ್ಟೇ. ಕಾರಿನ ಹಿಂದಿನ ಡಿಕ್ಕಿ ಮಾತ್ರ ಒಳಕ್ಕೆ ಮಡಚಿಕೊಂಡು ಹಿಂದಿನ ಸೀಟಿನವರೆಗೆ ಬಂದಿದೆ. ಇಂಚರಳ ಬೂಸ್ಟರ್ ಸೀಟು ಮುಂದಿನ ಸೀಟಿಗೆ ಒತ್ತಿ ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ. ಆ ಮನುಷ್ಯ ಇಳಿದು ಬಂದು ಅದನ್ನು ನೋಡಿದ. ಮಗು ಇದೆಯಾ ಅಂತ ಕೇಳಿದ. ಇಲ್ಲ ಅಂದೆ. ಹಿಮದ ಮೇಲೆ ಹಾಗೇ ಕೂತುಬಿಟ್ಟ. ಕೆಟ್ಟವನಲ್ಲ, ಕುಡಿದಿರಲಿಲ್ಲ. ಅವನ ಟೈರೂ ನಿನ್ನ ಹಿಂದಿನ ಟೈರಿನಂಥವೇ. ಎಂ ಎಸ್ ಅಂತ ಬರೆದಿತ್ತು, ನಾನು ಬಗ್ಗಿ ನೋಡಿದೆ.

ಈಗ ಹೇಳು, ಯಾವ ಟೈರು ಆರಿಸಲಿ? ನನ್ನ ನಾಲ್ಕು ಗಾಲಿಗೆ ಏನು ಬೇಕಾದರೂ ಆರಿಸಬಹುದು. ನನ್ನ ಹಿಂದೆ ಬರುವವನ ಗಾಲಿಗೆ ಯಾರು ಆರಿಸುತ್ತಾರೆ? ಎಲ್ಲರೂ ಕೂಡಿ ನಡೆಯುವ ರಸ್ತೆ ಅದು. ಅಲ್ಲಿ ಒಬ್ಬೊಬ್ಬರೇ ಅಂಗಡಿಗೆ ಹೋಗಿ ತಮ್ಮ ತಮ್ಮ ಜೀವ ಕೊಂಡುಕೊಂಡು ಬರಬಹುದು ಅಂತ ನಮ್ಮನ್ನು ನಂಬಿಸಿದ್ದಾರೆ, ಚೆನ್ನಾಗಿ ದುಡಿದರೆ ಕೆಲಸ ಉಳಿಯುತ್ತದೆ ಅಂತ ನಿನ್ನನ್ನು ನಂಬಿಸಿದ ಹಾಗೆ. ಚೆನ್ನಾಗಿ ದುಡಿದೆ. ಆದರೂ ತೆಗೆದರು. ವೀಸಾ ಉಳಿಯಬೇಕಾದರೆ ಎರಡು ತಿಂಗಳಲ್ಲಿ ಬೇರೆ ಕೆಲಸ ಹಿಡಿ, ಇಲ್ಲ ದೇಶ ಬಿಡು ಅಂದರು. ಸಿಕ್ಕಿದ್ದು ಪರ್ವತದ ಆಚೆ. ಅದು ನಿನ್ನ ತಪ್ಪಲ್ಲ ಅಂತ ನಾನು ಯಾವತ್ತೂ ಹೇಳಲಿಲ್ಲ. ನಾವು ಒಡೆದದ್ದೂ ಅದರಿಂದಲ್ಲ.

ಅಪಘಾತದ ಮಾತು ಎತ್ತದೆ, ಚಳಿಗಾಲ ಮುಗಿಯುವವರೆಗೆ ಮಗಳನ್ನು ದಾಟಿಸುವುದು ಬೇಡ, ಇಬ್ಬರೂ ಒಪ್ಪಿ ಸಹಿ ಹಾಕೋಣ ಅಂತ ಕಾಕಾನ ಕೈಲಿ ಹೇಳಿಕಳಿಸಿದೆ. ನಿನ್ನೆ ಅವರು ಫೋನ್ ಮಾಡಿದರು. "ಅಂವ ಒಪ್ಪವಲ್ಲ ಪೂರ್ಣಿಮಾ. ಸ್ನೋ ಒಂದ್ ನೆವ, ಮಗಳನ್ನ ಕಸಗೊಳ್ಳಾಕ ಹೊಂಚ ಹಾಕ್ಯಾಳ ಅಂತಾನ," ಅಂದರು. ನಿನಗೆ ಹಾಗನ್ನಿಸಿದ್ದು ನನಗೆ ಆಶ್ಚರ್ಯವಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ನಂಬಿಕೆ ಅನ್ನುವುದು ನಮ್ಮ ನಡುವೆ ಒಂದು ಗುಲಗಂಜಿಯಷ್ಟೂ ಉಳಿದಿಲ್ಲ.

ಹಾಗಾಗಿ ನಾನೇ ಬಿಡುತ್ತೇನೆ.

ಇಂಚರ ಚಳಿಗಾಲ ಪೂರ್ತಿ ನಿನ್ನ ಹತ್ತಿರ ಇರಲಿ. ಶುಕ್ರವಾರ ಆಕಾಶ ತಿಳಿಯಾಗಿ, ರಸ್ತೆ ಒಣಗಿರುತ್ತದೆ ಅಂತ ಹವಾಮಾನದವರು ಹೇಳಿದ್ದಾರೆ. ಹಗಲಲ್ಲೇ ಬಂದು ಹಗಲಲ್ಲೇ ದಾಟಿಸು. ಅಲ್ಲಿಂದ ಮುಂದೆ ಅವಳು ಆ ಬೆಟ್ಟ ಹತ್ತಬಾರದು, ನನ್ನನ್ನು ನೋಡುವುದಕ್ಕೂ ಬೇಡ. ಅಲ್ಲಿಯ ಶಾಲೆಗೆ ಸೇರಿಸು. ವಕೀಲೆಯನ್ನು ಕೇಳಿದೆ. ಹೀಗೆ ಬಿಟ್ಟುಕೊಟ್ಟರೆ, ಮಗು ಅಲ್ಲಿ ಹೊಂದಿಕೊಂಡ ಮೇಲೆ, ವಾಪಸ್ ಕರೆಸುವುದು ಕಷ್ಟ ಅಂದಳು. ಗೊತ್ತಾಯಿತು ಅಂದೆ. ಬೇಸಿಗೆಗೆ ಕಳಿಸುತ್ತೇನೆ ಅಂತ ನೀನು ಮಾತು ಕೊಡಬೇಡ, ನಾನು ಕೇಳುವುದೂ ಇಲ್ಲ.

ಒಂದೇ ಕರಾರು. ಶುಕ್ರವಾರ ಬರುವಾಗ ನಿನ್ನ ಕಾರಿಗೆ ನಾಲ್ಕೂ ಹೊಸ ಚಳಿಗಾಲದ ಟೈರು ಇರಬೇಕು. ನನ್ನವು ಬೇಡ ಅಂದೆಯಲ್ಲ, ನಿನ್ನವೇ ತೊಗೊ. ಬೆಟ್ಟದ ಗುರುತು ನೋಡಿ ತೊಗೊ. ತಯಾರಾದ ವರ್ಷ ನೋಡು, ಅಂಗಡಿಯಲ್ಲಿ ಹಳೆಯ ಮಾಲು ದಾಟಿಸುತ್ತಾರೆ. ವೆನಾಚಿಯಲ್ಲೂ ಹಿಮ ಬೀಳುತ್ತದೆ, ದಿನಾ ಶಾಲೆಗೆ ಬಿಡುವವನು ನೀನೇ. ಕಾರಿನ ಸುತ್ತ ಒಂದು ಸುತ್ತು ಬಗ್ಗಿ ನೋಡಿಯೇ ಅವಳನ್ನು ಕೂರಿಸುತ್ತೇನೆ. ನಾಲ್ಕಿಲ್ಲದಿದ್ದರೆ ಕಳಿಸುವುದಿಲ್ಲ, ಆಮೇಲೆ ಯಾವ ಕೋರ್ಟಿಗೆ ಬೇಕಾದರೂ ಹೋಗು.

ಅವಳಿಗೆ ಬೆಳಗಿನ ಹೊತ್ತು ಕೆಮ್ಮು ಬರುತ್ತದೆ, ಬಿಸಿನೀರು ಕೊಡು. ತಲೆ ಬಾಚುವಾಗ ತುದಿಯಿಂದ ಬಿಡಿಸುತ್ತಾ ಮೇಲಕ್ಕೆ ಹೋಗು, ಇಲ್ಲದಿದ್ದರೆ ಅಳುತ್ತಾಳೆ. ನನಗೆ ಹೇಳಬಾರದ ಮಾತುಗಳನ್ನು ಇನ್ನು ಅವಳ ತಲೆಗೆ ಹೊರಿಸಬೇಡ. ಹೇಳುವಷ್ಟು ಹತ್ತಿರ ನಾನು ಇರುವುದೂ ಇಲ್ಲ.

ಇಷ್ಟೇ. ಜಗಳ ತೀರಿತು ಅಂತಲ್ಲ, ಜಗಳಕ್ಕೆ ಪಣವಾಗಿ ಇಟ್ಟದ್ದು ಇನ್ನು ನನ್ನ ಕೈಯಲ್ಲಿ ಉಳಿದಿಲ್ಲ.

ಇಂಚರಳ ತಾಯಿ,
ಪೂರ್ಣಿಮಾ

ಮರೆತಿದ್ದೆ: ಹಿಮ ಇರುವವರೆಗೆ ಮಾತ್ರ ಅಪ್ಪನ ಹತ್ತಿರ ಅಂತ ಅವಳಿಗೆ ಹೇಳಿ, ಬಟ್ಟೆ ತುಂಬಿಕೋ ಅಂದೆ. ಓಕೆ ಅಂದಳು. ಈಗ ಅವಳ ಚೀಲ ನೋಡಿದೆ. ಸ್ವೆಟರುಗಳ ಕೆಳಗೆ ಈಜುವ ಬಟ್ಟೆ, ಸ್ಯಾಂಡಲ್ಲು, ಬೇಸಿಗೆಯ ತೆಳು ಫ್ರಾಕುಗಳು, ಎಲ್ಲವನ್ನೂ ಇಟ್ಟುಕೊಂಡಿದ್ದಾಳೆ. ಅವನ್ನು ಸರಿಯಾಗಿ ಮಡಚಿ, ಅಲ್ಲೇ ವಾಪಸ್ ಇಟ್ಟೆ.